ನೆಲದಡಿಯ ರೈಲು ನಿಲ್ದಾಣಗಳು: ಸ್ವಚ್ಛತೆ ಮತ್ತು ಸುಲಭ ನಿರ್ವಹಣೆಗಾಗಿ ವಿನ್ಯಾಸ

1. ಪೀಠಿಕೆ

ಮುಂಬಯಿ ಮತ್ತು ಮದರಾಸುಗಳ ನಡುವಣ ರೈಲು ಮಾರ್ಗವು 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಿತು. ಯಾದಗಿರಿಯು ಆ ಮಾರ್ಗದ ಮೇಲಿರುವ ಊರು. 2009ರ ಡಿಸೆಂಬರ್ 30ರಂದು ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳನ್ನು ಅಂದಿನ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಡಿಸಿ ಪ್ರತ್ಯೇಕ ಜಿಲ್ಲೆಯನ್ನಾಗಿ ರೂಪಿಸಲಾಯಿತು. ಈ ಮೂರೂ ತಾಲ್ಲೂಕುಗಳ ಜನರು ಬೆಂಗಳೂರಿನ ರೈಲು ಹಿಡಿಯಲು ಬಹುಕಾಲದಿಂದ ಯಾದಗಿರಿ ನಿಲ್ದಾಣವನ್ನೇ ನೆಚ್ಚಿಕೊಂಡಿದ್ದಾರೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಗುಳೆ ಹೋಗುವವರ ದಾರಿಯೂ ಇದೇ. ಉದ್ಯಾನ್ ಎಕ್ಸ್‌ಪ್ರೆಸ್ ಗಾಡಿಯಲ್ಲಿ ಬೆಂಗಳೂರಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ ತಲುಪಿ ಹೊರಬಂದರೆ, ಅದೇ ಹೆಸರಿನ ಮತ್ತೊಂದು ನಿಲ್ದಾಣ ನೆಲದ ಅಡಿಯಲ್ಲಿದೆ. ಅದು ನಮ್ಮ ಮೆಟ್ರೊದ ನೆಲದಡಿಯ ನಿಲ್ದಾಣ.

ಬೆಂಗಳೂರಿನ ಕಟ್ಟಡ ಕಾಮಗಾರಿಗಳಲ್ಲಿಯೂ ಸ್ವಚ್ಛತೆಯ ಕೆಲಸಗಳಲ್ಲಿಯೂ ಕಲ್ಯಾಣ ಕರ್ನಾಟಕದಿಂದ ದುಡಿಮೆಗೆ ಹೋದವರ ಪಾಲು ಸಣ್ಣದಲ್ಲ. ಆದುದರಿಂದ ನೆಲದಡಿಯ ನಿಲ್ದಾಣವನ್ನು ಶುಚಿಯಾಗಿಡುವುದು ಹೇಗೆ ಎಂಬ ಪ್ರಶ್ನೆ ನಮ್ಮ ಭಾಗದವರಿಗೆ ದೂರದ ವಿಷಯವಲ್ಲ. ನಿಲ್ದಾಣದ ಶುಚಿತ್ವವು ಗುಡಿಸುವವರ ಶ್ರದ್ಧೆಯನ್ನೂ ಪ್ರಯಾಣಿಕರ ನಡತೆಯನ್ನೂ ಅವಲಂಬಿಸಿದೆ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ನಿಜವಾದರೂ ಪೂರ್ಣ ನಿಜವಲ್ಲ. ಒಂದು ಜಾಗವನ್ನು ಶುಚಿಯಾಗಿಡಲು ಸಾಧ್ಯವೇ ಇಲ್ಲವೇ ಎಂಬುದು ಅಲ್ಲಿಗೆ ಪೊರಕೆ ಬರುವುದಕ್ಕೆ ಎಷ್ಟೋ ವರ್ಷ ಮೊದಲು, ನಕಾಶೆಯ ಹಾಳೆಯ ಮೇಲೆ ತೀರ್ಮಾನವಾಗಿರುತ್ತದೆ. ಕೈ ತಲುಪದ ಮೂಲೆಯನ್ನು ನಿರ್ಮಿಸಿ, ಅದನ್ನು ಗುಡಿಸಲಿಲ್ಲವೆಂದು ಕೆಲಸಗಾರರನ್ನು ದೂರುವುದು ನ್ಯಾಯವಲ್ಲ. ಈ ಅಂಶವನ್ನು ನಿದರ್ಶನಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ನೆಲದ ಮೇಲಣ ನಿಲ್ದಾಣ ಮತ್ತು ನೆಲದಡಿಯ ನಿಲ್ದಾಣ

ಯಾದಗಿರಿಯಂತಹ ತೆರೆದ ನಿಲ್ದಾಣಕ್ಕೆ ಪ್ರಕೃತಿಯೇ ಬಹುಮಟ್ಟಿಗೆ ಜಾಡಮಾಲಿಯಾಗಿದೆ. ಬಿಸಿಲು ತೇವವನ್ನು ಆರಿಸುತ್ತದೆ, ಗಾಳಿ ಧೂಳನ್ನು ಹೊತ್ತೊಯ್ಯುತ್ತದೆ, ಮಳೆ ಹಳಿಗಳನ್ನು ತೊಳೆಯುತ್ತದೆ. ಗಾಡಿಗಳ ಶೌಚಾಲಯಗಳು ನೇರವಾಗಿ ಹಳಿಯ ಮೇಲೆ ತೆರೆದುಕೊಳ್ಳುತ್ತಿದ್ದ ಕಾಲದಲ್ಲಿ ದೊಡ್ಡ ನಿಲ್ದಾಣಗಳ ಹಳಿಗಳ ಕೆಳಗೆ ಕಾಂಕ್ರೀಟು ಹಾಸಿ, ಕೊಳವೆ ನೀರಿನಿಂದ ಅದನ್ನು ತೊಳೆಯುವ ಏರ್ಪಾಡಿತ್ತು. 2010ರ ದಶಕದಲ್ಲಿ ಬೋಗಿಗಳಿಗೆ ಜೈವಿಕ ಶೌಚಾಲಯಗಳನ್ನು ಅಳವಡಿಸಿದ ಮೇಲೆ ಆ ಹೊಲಸಿನ ದೊಡ್ಡ ಪಾಲು ತಗ್ಗಿತು. ಕೊಳೆಯನ್ನು ತೊಳೆಯುವುದಕ್ಕಿಂತ ಅದು ಬೀಳದಂತೆ ಗಾಡಿಯನ್ನೇ ಮಾರ್ಪಡಿಸುವುದು ಹೆಚ್ಚು ಫಲಕಾರಿ ಎಂಬುದಕ್ಕೆ ಇದು ನಮ್ಮ ಕಣ್ಣೆದುರಿನ ಉದಾಹರಣೆ.

ನೆಲದಡಿಯಲ್ಲಿ ಬಿಸಿಲಿಲ್ಲ, ಮಳೆಯಿಲ್ಲ, ಸಹಜವಾದ ಗಾಳಿಯೂ ಇಲ್ಲ. ಅಲ್ಲಿಗೆ ಬಂದ ಪ್ರತಿಯೊಂದು ಕಣವನ್ನೂ ಮನುಷ್ಯನೋ ಯಂತ್ರವೋ ಎತ್ತಿ ಮೇಲಕ್ಕೆ ತರಬೇಕು. ಬೆಂಗಳೂರಿನಲ್ಲಿ ಮೊದಲ ನೆಲದಡಿಯ ಮಾರ್ಗವು 2016ರ ಏಪ್ರಿಲ್ ಕೊನೆಯಲ್ಲಿ ಆರಂಭವಾಯಿತು. ಕಬ್ಬನ್ ಉದ್ಯಾನ, ವಿಧಾನಸೌಧ, ಸೆಂಟ್ರಲ್ ಕಾಲೇಜು, ಮೆಜೆಸ್ಟಿಕ್ ಮತ್ತು ನಗರ ರೈಲು ನಿಲ್ದಾಣ ಎಂಬ ಐದು ನೆಲೆಗಳು ಅದರಲ್ಲಿವೆ. 2017ರ ಜೂನ್‌ನಲ್ಲಿ ಚಿಕ್ಕಪೇಟೆ ಮತ್ತು ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣಗಳು ಸೇರಿದವು. ಎರಡನೆಯ ಹಂತದ ಕಾಳೇನ ಅಗ್ರಹಾರ–ನಾಗವಾರ ಮಾರ್ಗದಲ್ಲಿ 13.76 ಕಿ.ಮೀ. ಸುರಂಗ ಹಾಗೂ 12 ನೆಲದಡಿಯ ನಿಲ್ದಾಣಗಳನ್ನು ರೂಪಿಸಲಾಗಿದೆ. ಇವುಗಳ ಆಯುಷ್ಯವನ್ನು ದಶಕಗಳಲ್ಲಿ ಅಲ್ಲ, ಶತಮಾನದ ಲೆಕ್ಕದಲ್ಲಿ ಹಿಡಿಯಬೇಕು. ಕಟ್ಟುವಾಗ ಆದ ಸಣ್ಣ ಅಲಕ್ಷ್ಯವನ್ನು ತೊಳೆಯುವವರು ನೂರು ವರ್ಷ ಹೊರಬೇಕಾಗುತ್ತದೆ.

3. ಬೀದರಿನ ಕಾರೇಜ್ ನೀಡುವ ಪಾಠ

ನೆಲದಡಿಯ ನಿರ್ಮಾಣದ ನಿರ್ವಹಣೆ ನಮ್ಮ ಸೀಮೆಗೆ ಹೊಸದಲ್ಲ. ಬೀದರಿನ ನೌಬಾದಿನಲ್ಲಿ ಬಹಮನಿ ಅರಸರ ಕಾಲದ ಕಾರೇಜ್, ಅಂದರೆ ಸುರಂಗ ಕಾಲುವೆ ಇಂದಿಗೂ ಇದೆ. ಅದರ ಉದ್ದಕ್ಕೂ ಅಲ್ಲಲ್ಲಿ ನೆಲದಿಂದ ಕೆಳಕ್ಕೆ ಬಾವಿಯಂತಹ ನೇರ ಕಂಡಿಗಳಿವೆ. ಇಂಥ ಕಾಲುವೆಯನ್ನು ಅಗೆಯುವಾಗ ಕಂಡಿಗಳ ಮೂಲಕವೇ ಮಣ್ಣನ್ನು ಮೇಲಕ್ಕೆತ್ತುತ್ತಾರೆ. ಕಾಲುವೆ ಸಿದ್ಧವಾದ ಮೇಲೆ ಅವು ಗಾಳಿಯ ದಾರಿಯಾಗುತ್ತವೆ, ಹೂಳು ತೆಗೆಯುವವರ ದಾರಿಯೂ ಆಗುತ್ತವೆ. ಕಟ್ಟುವ ದಾರಿ, ಉಸಿರಾಡುವ ದಾರಿ, ಶುಚಿಗೊಳಿಸುವ ದಾರಿ ಮೂರೂ ಒಂದೇ. ಕಂಡಿಗಳು ಮುಚ್ಚಿದರೆ ಕಾಲುವೆ ಹೂಳಿನಿಂದ ಸಾಯುತ್ತದೆ. ನೆಲದಡಿಯಲ್ಲಿ ಏನನ್ನು ಕಟ್ಟಿದರೂ ಅದಕ್ಕೆ ಕೈ ತಲುಪುವ ದಾರಿಯನ್ನು ಮೊದಲೇ ಬಿಡಬೇಕು ಎಂಬ ನಿಯಮವನ್ನು ಕಾರೇಜ್ ತನ್ನ ರಚನೆಯಲ್ಲಿಯೇ ಹೇಳುತ್ತದೆ. ಆಧುನಿಕ ನಿಲ್ದಾಣಕ್ಕೂ ಇದೇ ಅಳತೆಗೋಲು.

4. ನೆಲ, ಗೋಡೆ ಮತ್ತು ಮೂಲೆಗಳು

ನಿಲ್ದಾಣಕ್ಕೆ ಬರುವ ಕೊಳೆಯಲ್ಲಿ ಬಹುಪಾಲು ಪ್ರಯಾಣಿಕರ ಪಾದರಕ್ಷೆಯೊಂದಿಗೆ ಬರುತ್ತದೆ. ಆದುದರಿಂದ ಮೊದಲ ತಡೆ ಪ್ರವೇಶದ್ವಾರದಲ್ಲಿರಬೇಕು. ಹತ್ತಾರು ಹೆಜ್ಜೆಗಳಷ್ಟು ಉದ್ದದ ಒರಟು ಚಾಪೆ, ಅದರ ಕೆಳಗೆ ಎತ್ತಿ ತೊಳೆಯಬಹುದಾದ ಜಾಲರಿ, ಜಾಲರಿಯ ಕೆಳಗೆ ನೀರು ಹರಿಯುವ ಸಣ್ಣ ಗುಂಡಿ, ಇಷ್ಟಿದ್ದರೆ ಮಣ್ಣಿನ ದೊಡ್ಡ ಭಾಗ ಮೇಲೆಯೇ ಉಳಿಯುತ್ತದೆ. ಎರಡು ಹೆಜ್ಜೆಯಷ್ಟು ಚಿಕ್ಕ ಚಾಪೆಯನ್ನು ಜನರು ದಾಟಿಯೇ ಹೋಗುತ್ತಾರೆ.

ನೆಲಹಾಸಿನ ಆಯ್ಕೆಯಲ್ಲಿ ರಸಾಯನಶಾಸ್ತ್ರವನ್ನು ಮರೆಯುವಂತಿಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ಮನೆಗಳಲ್ಲಿ ಶಹಾಬಾದ ಕಲ್ಲಿನ ನೆಲ ಚಿರಪರಿಚಿತ. ಅದು ಭೀಮಾ ಜಲಾನಯನದ ಸುಣ್ಣಕಲ್ಲು. ಮನೆಯಲ್ಲಿ ನೀರು, ಸಾಬೂನುಗಳಿಂದ ತೊಳೆದರೆ ಅದು ತಲೆಮಾರುಗಳ ಕಾಲ ಬಾಳುತ್ತದೆ. ಆದರೆ ಸುಣ್ಣಕಲ್ಲಿನ ಮುಖ್ಯ ಘಟಕವಾದ ಕ್ಯಾಲ್ಸಿಯಂ ಕಾರ್ಬೊನೇಟು ಆಮ್ಲದಲ್ಲಿ ಕರಗುತ್ತದೆ. ಸಾರ್ವಜನಿಕ ಶೌಚಾಲಯಗಳಲ್ಲಿ ಹೈಡ್ರೊಕ್ಲೋರಿಕ್ ಆಮ್ಲವಿರುವ ದ್ರಾವಣವನ್ನು ಬಳಸುವುದು ರೂಢಿ. ಅದು ತಗುಲಿದಲ್ಲೆಲ್ಲ ಕಲ್ಲಿನ ಮೈ ತಿಂದುಹೋಗಿ ಒರಟಾಗುತ್ತದೆ, ಒರಟಾದ ಮೈ ಇನ್ನಷ್ಟು ಕೊಳೆಯನ್ನು ಹಿಡಿಯುತ್ತದೆ. ಅದನ್ನು ತೆಗೆಯಲು ಮತ್ತೆ ಆಮ್ಲ ಸುರಿಯಬೇಕಾಗುತ್ತದೆ. ಗ್ರಾನೈಟು ಸಿಲಿಕೇಟು ಖನಿಜಗಳಿಂದ ಕೂಡಿದ್ದು ಈ ಆಮ್ಲವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಸುರಪುರ, ಯಾದಗಿರಿಗಳ ಬೆಟ್ಟಗಳಲ್ಲಿ ಕಾಣುವ ಕಲ್ಲಿನ ಜಾತಿ ಇದೇ. ಆದರೆ ಹೊಳಪು ಕೊಟ್ಟ ಗ್ರಾನೈಟು ಒದ್ದೆಯಾದಾಗ ಜಾರುತ್ತದೆ. ಜ್ವಾಲೆ ತಾಗಿಸಿ ತೀರ ಒರಟು ಮಾಡಿದ ಗ್ರಾನೈಟು ಧೂಳು ಹಿಡಿಯುತ್ತದೆ. ಒಣಗಿರುವ ಕಡೆ ನಯವಾದದ್ದು, ಮೆಟ್ಟಿಲು ಮತ್ತು ಪ್ರವೇಶದಲ್ಲಿ ಒರಟಾದದ್ದು ಎಂದು ಜಾಗವರಿತು ಬಳಸುವುದೇ ಉಚಿತ.

ನಮ್ಮ ಹಳೆಯ ಮನೆಗಳ ನೆಲ ಬಚ್ಚಲಿನ ಕಡೆಗೆ ಕಂಡೂ ಕಾಣದಷ್ಟು ಇಳಿಜಾರಾಗಿರುತ್ತದೆ. ಮೀಟರಿಗೆ ಸುಮಾರು 10 ಮಿ.ಮೀ. ಇಳಿಜಾರಿದ್ದರೂ ತೊಳೆದ ನೀರು ತಾನಾಗಿ ಹರಿಯುತ್ತದೆ. ಇಳಿಜಾರಿಲ್ಲದ ನೆಲವನ್ನು ತೊಳೆದರೆ ನೀರನ್ನು ಬಟ್ಟೆಯಿಂದ ಹೀರಿ ಹಿಂಡಬೇಕು. ಒಬ್ಬರ ಒಂದು ಗಂಟೆಯ ಕೆಲಸ ಮೂವರ ಕೆಲಸವಾಗುವುದು ಹೀಗೆಯೇ.

ಗೋಡೆ ಮತ್ತು ನೆಲ ಲಂಬಕೋನದಲ್ಲಿ ಕೂಡಿದರೆ ಅಲ್ಲಿ ಪೊರಕೆಯ ತುದಿಯೂ ಯಂತ್ರದ ಕುಂಚವೂ ತಲುಪದ ಗೆರೆಯೊಂದು ಉಳಿಯುತ್ತದೆ. ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿರುವಂತೆ ಆ ಸಂಧಿಯನ್ನು ಬಾಗಿಸಿ ಕಟ್ಟಿದರೆ ಕೊಳೆ ಕೂರಲು ಸ್ಥಳವಿರುವುದಿಲ್ಲ. ಆಸನಗಳನ್ನು ಕಾಲುಗಳ ಮೇಲೆ ನಿಲ್ಲಿಸುವ ಬದಲು ಗೋಡೆಯಿಂದ ಚಾಚುವಂತೆ ಮಾಡಿದರೆ ಕೆಳಗಿನ ನೆಲ ಮುಕ್ತವಾಗಿರುತ್ತದೆ. ಕಿಟಕಿಯ ಅಂಚು, ಫಲಕಗಳ ಮೇಲ್ಭಾಗ ಮೊದಲಾದ ಅಡ್ಡಪಟ್ಟಿಗಳನ್ನು ಓರೆಯಾಗಿ ಮಾಡಿದರೆ ಧೂಳೂ ನಿಲ್ಲುವುದಿಲ್ಲ, ಖಾಲಿ ಲೋಟವನ್ನೂ ಇಡಲಾಗದು. ಆದರೆ ಶುಚಿತ್ವದ ಹೆಸರಿನಲ್ಲಿ ಎಲ್ಲವನ್ನೂ ನಯಗೊಳಿಸುವಂತಿಲ್ಲ. ಅಂಧರಿಗೆ ದಾರಿ ತೋರುವ ಉಬ್ಬುಗಳುಳ್ಳ ಹಳದಿ ಬಿಲ್ಲೆಗಳ ನಡುವೆ ಕೊಳೆ ಸೇರುತ್ತದೆ. ಅವನ್ನು ತೆಗೆಯುವುದು ತಪ್ಪು. ಅವುಗಳಿಗೆ ತಕ್ಕ ಸುತ್ತುಕುಂಚವನ್ನು ಒದಗಿಸುವುದು ಸರಿ.

ಮೇಲ್ಮೈಯ ಆಯ್ಕೆ ಎಷ್ಟು ದೂರದ ಪರಿಣಾಮ ಬೀರುತ್ತದೆ ಎಂಬುದಕ್ಕೆ ವಾಷಿಂಗ್ಟನ್ ನಗರದ ಮೆಟ್ರೊ ನಿದರ್ಶನ. 1976ರಲ್ಲಿ ಆರಂಭವಾದ ಅದರ ನಿಲ್ದಾಣಗಳ ಕಮಾನುಗಳು ಚೌಕ ಗುಳಿಗಳುಳ್ಳ ಬರಿಯ ಕಾಂಕ್ರೀಟಿನವು. ವಾಸ್ತುಶಿಲ್ಪಿ ಹ್ಯಾರಿ ವೀಸ್ ಗೋಡೆಯನ್ನು ಪ್ಲಾಟ್‌ಫಾರ್ಮಿನಿಂದ ದೂರವಿಟ್ಟುದರಿಂದ ಜನರ ಕೈ ಅದಕ್ಕೆ ತಾಗದೆ ಗೀಚು ಬರಹಗಳು ತಪ್ಪಿದವು. ಇದು ವಿನ್ಯಾಸದ ಜಾಣ್ಮೆ. ಆದರೆ ಅದೇ ದೂರ ಶುಚಿಗೊಳಿಸುವವರಿಗೂ ದೂರವಾಯಿತು. ಗುಳಿಗಳಲ್ಲಿ ದಶಕಗಳ ಧೂಳು ಕೂತು ಕಾಂಕ್ರೀಟು ಕಪ್ಪಾಯಿತು. 2017ರಲ್ಲಿ ಯೂನಿಯನ್ ಸ್ಟೇಷನ್ ನಿಲ್ದಾಣದ ಕಮಾನಿಗೆ ಬಿಳಿ ಬಣ್ಣ ಬಳಿದಾಗ ವಾಸ್ತುಶಿಲ್ಪಾಸಕ್ತರಿಂದ ಟೀಕೆ ಬಂದಿತು. ತೊಳೆಯಲಾಗದ ಸೌಂದರ್ಯ ಕೊನೆಗೆ ಬಣ್ಣದ ಡಬ್ಬಕ್ಕೆ ಶರಣಾಯಿತು.

5. ನೀರು: ಒಳಗಿನಿಂದ ಬರುವುದು, ಹೊರಗಿನಿಂದ ಬರುವುದು

ಬೆಂಗಳೂರಿನ ಅಡಿಯಲ್ಲಿ ಗಟ್ಟಿ ನೈಸ್ ಮತ್ತು ಗ್ರಾನೈಟು ಶಿಲೆಗಳೂ ಶಿಥಿಲವಾದ ಮಣ್ಣೂ ಬೆರೆತಿವೆ. ಹೆಲೆನ್, ಮಾರ್ಗರಿಟಾ, ಕಾವೇರಿ, ಕೃಷ್ಣಾ, ಗೋದಾವರಿ ಎಂಬ ಹೆಸರಿನ ಸುರಂಗ ಕೊರೆಯುವ ಯಂತ್ರಗಳು ಮೊದಲ ಹಂತದಲ್ಲಿ ಈ ಮಿಶ್ರನೆಲದಲ್ಲಿ ಬಹಳ ಪ್ರಯಾಸಪಟ್ಟವು. ಇಂಥ ನೆಲದ ಬಿರುಕುಗಳಲ್ಲಿ ಅಂತರ್ಜಲವಿರುತ್ತದೆ. ಜಲನಿರೋಧಕ ಹೊದಿಕೆ ಎಷ್ಟೇ ಚೆನ್ನಾಗಿದ್ದರೂ ಕಾಲಕ್ರಮದಲ್ಲಿ ಎಲ್ಲಿಯಾದರೂ ಜಿನುಗು ಕಾಣಿಸುತ್ತದೆ. ಜಿನುಗುವ ನೀರು ಕಾಂಕ್ರೀಟಿನಲ್ಲಿರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಕರಗಿಸಿಕೊಂಡು ಹೊರಬರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಅದು ಬಿಳಿಯ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಗೋಡೆಗೆ ಅಂಟುತ್ತದೆ, ಚರಂಡಿಯ ಕೊಳವೆಗಳನ್ನು ಕಟ್ಟಿಹಾಕುತ್ತದೆ.

ಜಿನುಗುವಿಕೆಯೇ ಇಲ್ಲವೆಂದು ನಂಬಿ ಕಟ್ಟುವುದಕ್ಕಿಂತ, ಅದು ಬಂದೇ ಬರುತ್ತದೆಂದು ಒಪ್ಪಿಕೊಂಡು ದಾರಿ ಮಾಡಿಕೊಡುವುದು ಲೇಸು. ಹೊರಗೋಡೆಯ ಒಳಬದಿಯಲ್ಲಿ ಸ್ವಲ್ಪ ಅಂತರ ಬಿಟ್ಟು ಅಲಂಕಾರದ ಫಲಕಗಳನ್ನು ನಿಲ್ಲಿಸಬೇಕು. ಅಂತರದ ತಳದಲ್ಲಿ ತೆರೆದ ಕಾಲುವೆಯಿರಬೇಕು. ಪ್ರತಿಯೊಂದು ಫಲಕವನ್ನೂ ಪಕ್ಕದ ಫಲಕಕ್ಕೆ ಧಕ್ಕೆಯಾಗದಂತೆ ಒಬ್ಬ ವ್ಯಕ್ತಿ ಕಳಚಿ ಮತ್ತೆ ಸಿಕ್ಕಿಸುವಂತಿರಬೇಕು. ಫಲಕವನ್ನು ಗಾರೆಯಿಂದ ಅಂಟಿಸಿದರೆ ಒಂದು ಜಿನುಗನ್ನು ಹುಡುಕಲು ಹತ್ತು ಫಲಕ ಒಡೆಯಬೇಕಾಗುತ್ತದೆ.

ಹೊರಗಿನಿಂದ ಬರುವ ನೀರು ಹೆಚ್ಚು ಅಪಾಯಕಾರಿ. ಮುಂಬಯಿಯ ನೆಲದಡಿಯ ಮೆಟ್ರೊ ಮಾರ್ಗದ ಆಚಾರ್ಯ ಅತ್ರೆ ಚೌಕ್ ನಿಲ್ದಾಣವು 2025ರ ಮೇ ತಿಂಗಳಲ್ಲಿ ಸಾರ್ವಜನಿಕರಿಗೆ ತೆರೆದಿತ್ತು. ಅದೇ ತಿಂಗಳ 26ರಂದು ಸುರಿದ ಮಳೆಯಲ್ಲಿ, ನಿರ್ಮಾಣ ಹಂತದಲ್ಲಿದ್ದ ಪ್ರವೇಶದ್ವಾರವೊಂದರ ತಡೆಗೋಡೆ ಕುಸಿದು ನೀರು ಒಳನುಗ್ಗಿತು. ಪ್ರವೇಶದ ಮೆಟ್ಟಿಲು ಮೊದಲು ರಸ್ತೆಗಿಂತ ಮೇಲಕ್ಕೆ ಏರಿ ಆಮೇಲೆ ಕೆಳಕ್ಕೆ ಇಳಿಯಬೇಕು ಎಂಬ ಸರಳ ನಿಯಮದ ಮಹತ್ವ ಇಂಥ ದಿನಗಳಲ್ಲಿ ತಿಳಿಯುತ್ತದೆ. ಗಾಲಿಕುರ್ಚಿಯ ಇಳಿಜಾರಿಗೂ ಲಿಫ್ಟಿನ ಬಾಗಿಲಿಗೂ ಇದೇ ನಿಯಮ ಅನ್ವಯವಾಗಬೇಕು.

6. ಧೂಳು, ಗಾಳಿ ಮತ್ತು ಹಳಿಯ ಮೇಲಿನ ಕಸ

ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ಉಜ್ಜುವಾಗಲೂ ಬಿರಿ ಹಾಕುವಾಗಲೂ ಕಬ್ಬಿಣದ ಸೂಕ್ಷ್ಮ ಕಣಗಳು ಹುಟ್ಟುತ್ತವೆ. ಸುರಂಗದಲ್ಲಿ ಗಾಡಿಯು ಪಿಚಕಾರಿಯ ಒಳಗಿನ ಬೆಣೆಯಂತೆ ಗಾಳಿಯನ್ನು ಮುಂದಕ್ಕೆ ತಳ್ಳುವುದರಿಂದ ಈ ಕಣಗಳು ಪ್ಲಾಟ್‌ಫಾರ್ಮಿಗೆ ಬಂದು ಎಲ್ಲದರ ಮೇಲೂ ಕೂರುತ್ತವೆ. ಹವಾನಿಯಂತ್ರಣದ ಸೋಸುಕಗಳು ಇವನ್ನು ಹಿಡಿಯುತ್ತವೆ. ಆದರೆ ಸೋಸುಕವನ್ನು ಬದಲಿಸುವ ಕೋಣೆ ಇಕ್ಕಟ್ಟಾಗಿದ್ದರೆ, ಅದರ ಬಾಗಿಲು ಸೋಸುಕಕ್ಕಿಂತ ಕಿರಿದಾಗಿದ್ದರೆ, ಬದಲಿಸುವ ಕೆಲಸ ಮುಂದೂಡಲ್ಪಡುತ್ತಲೇ ಹೋಗುತ್ತದೆ.

ಬೆಂಗಳೂರಿನ ಮೆಟ್ರೊದಲ್ಲಿ ವಿದ್ಯುತ್ತು ಹಳಿಯ ಪಕ್ಕದ ಮೂರನೆಯ ಕಂಬಿಯಿಂದ, 750 ವೋಲ್ಟಿನಲ್ಲಿ ಹರಿಯುತ್ತದೆ. ಪ್ರಯಾಣಿಕರು ಎಸೆದ ಕಾಗದವೊಂದು ಹಳಿಗೆ ಬಿದ್ದರೆ ಸಂಚಾರದ ಹೊತ್ತಿನಲ್ಲಿ ಅದನ್ನು ಎತ್ತಲಾಗದು. 1987ರಲ್ಲಿ ಆರಂಭವಾದ ಸಿಂಗಪುರದ ರೈಲು ವ್ಯವಸ್ಥೆಯಲ್ಲಿ ನೆಲದಡಿಯ ಪ್ಲಾಟ್‌ಫಾರ್ಮಿನ ಅಂಚಿಗೆ ಚಾವಣಿಯವರೆಗೆ ಗಾಜಿನ ಬಾಗಿಲುಗಳನ್ನು ಅಳವಡಿಸಲಾಯಿತು. ತಂಪನ್ನು ಹಿಡಿದಿಡುವುದರ ಜೊತೆಗೆ ಜನರು ಹಳಿಗೆ ಬೀಳುವುದನ್ನೂ, ಕಸ ಹಳಿ ಸೇರುವುದನ್ನೂ, ಹಳಿಯ ಧೂಳು ಪ್ಲಾಟ್‌ಫಾರ್ಮಿಗೆ ಬರುವುದನ್ನೂ ಅವು ತಡೆಯುತ್ತವೆ. ದೆಹಲಿ, ಚೆನ್ನೈಗಳ ನೆಲದಡಿಯ ನಿಲ್ದಾಣಗಳಲ್ಲಿ ಇಂಥ ಬಾಗಿಲುಗಳು ಬಳಕೆಯಲ್ಲಿವೆ. ಬೆಂಗಳೂರಿನ ಮೊದಲ ಹಂತದ ನೆಲದಡಿಯ ನಿಲ್ದಾಣಗಳನ್ನು ಅವಿಲ್ಲದೆ ತೆರೆಯಲಾಯಿತು. ಸಿಂಗಪುರದಲ್ಲಿಯೇ, ಜಗಿದ ಅಂಟನ್ನು ರೈಲಿನ ಬಾಗಿಲುಗಳಿಗೆ ಮೆತ್ತಿ ಸಂಚಾರಕ್ಕೆ ಅಡ್ಡಿಯಾದುದು 1992ರ ಚೂಯಿಂಗ್ ಗಮ್ ನಿಷೇಧಕ್ಕೆ ಒಂದು ಕಾರಣವಾಯಿತು. ನಮ್ಮಲ್ಲಿ ಆ ಸ್ಥಾನ ಗುಟ್ಕಾದ್ದು. 2002ರ ಮೆಟ್ರೊ ರೈಲ್ವೆ ಕಾಯ್ದೆಯಲ್ಲಿ ಉಗುಳುವವರಿಗೆ ದಂಡವಿದೆ. ಆದರೆ ಜನರು ಉಗುಳುವುದು ಕತ್ತಲೆಯ ಮೂಲೆಯಲ್ಲಿ, ಮೆಟ್ಟಿಲಿನ ತಿರುವಿನಲ್ಲಿ, ಈಗಾಗಲೇ ಕಲೆಯಾದ ಗೋಡೆಯ ಮೇಲೆ. ಬೆಳಕುಳ್ಳ, ಮರೆಯಿಲ್ಲದ, ಒಮ್ಮೆ ಒರೆಸಿದರೆ ಶುಭ್ರವಾಗುವ ಗೋಡೆ ದಂಡಕ್ಕಿಂತ ಮೊದಲು ಕೆಲಸ ಮಾಡುತ್ತದೆ.

7. ಕಿಂಗ್ಸ್ ಕ್ರಾಸ್ ದುರಂತ

ಶುಚಿತ್ವವನ್ನು ಅಂದದ ವಿಷಯವೆಂದು ಭಾವಿಸುವವರು ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಘಟನೆಯನ್ನು ಅರಿಯಬೇಕು. 1987ರ ನವೆಂಬರ್ 18ರ ಸಂಜೆ ಅಲ್ಲಿಯ ಮರದ ಚಲಿಸುವ ಮೆಟ್ಟಿಲಿನ ಅಡಿಯಲ್ಲಿ ಬೆಂಕಿ ಹೊತ್ತಿಕೊಂಡಿತು. ಯಾರೋ ಬೀಳಿಸಿದ ಉರಿವ ಬೆಂಕಿಕಡ್ಡಿ ಮೆಟ್ಟಿಲಿನ ಅಂಚಿನ ಸಂದಿಯಿಂದ ಕೆಳಗೆ ಜಾರಿ, ಅಲ್ಲಿ ಶೇಖರವಾಗಿದ್ದ ಕೀಲೆಣ್ಣೆ, ಕಾಗದದ ಚೂರು, ಬಟ್ಟೆಯ ಎಳೆ, ಕೂದಲುಗಳ ಪದರಕ್ಕೆ ತಗುಲಿತ್ತು. ಇಳಿಜಾರಾದ ಕಂದಕದಂತಹ ಮೆಟ್ಟಿಲ ಜಾಡಿನಲ್ಲಿ ಜ್ವಾಲೆ ನೆಲಕ್ಕೊರಗಿ ಮೇಲಕ್ಕೆ ಸಾಗಿ, ಒಮ್ಮೆಲೇ ಟಿಕೆಟ್ ಅಂಗಣಕ್ಕೆ ನುಗ್ಗಿತು. 31 ಮಂದಿ ಪ್ರಾಣ ಕಳೆದುಕೊಂಡರು. ಡೆಸ್ಮಂಡ್ ಫೆನೆಲ್ ಅವರ ವಿಚಾರಣಾ ವರದಿ 1988ರಲ್ಲಿ ಪ್ರಕಟವಾಯಿತು. ಮೆಟ್ಟಿಲಿನ ಕೆಳಭಾಗವು 1940ರ ದಶಕದಲ್ಲಿ ನಿರ್ಮಾಣವಾದಂದಿನಿಂದ ಪೂರ್ಣವಾಗಿ ಶುಚಿಯಾಗಿರಲಿಲ್ಲವೆಂಬುದು ವಿಚಾರಣೆಯಿಂದ ತಿಳಿದುಬಂದ ಮುಖ್ಯ ಸಂಗತಿ.

ಪ್ರಯಾಣಿಕರ ಕಣ್ಣಿಗೆ ಬೀಳುತ್ತಿದ್ದ ಮೆಟ್ಟಿಲನ್ನು ಗುಡಿಸುವವರಿದ್ದರು. ಕಾಣದ ಭಾಗ ಯಾರ ಪಾಲಿಗೂ ಬಂದಿರಲಿಲ್ಲ. ಈಗ ಮರದ ಬದಲು ಲೋಹದ ಮೆಟ್ಟಿಲುಗಳು ಬಂದಿವೆ. ಆದರೂ ಕೀಲೆಣ್ಣೆ ಮತ್ತು ನೂಲಿನ ಎಳೆಗಳು ಸೇರುವುದು ನಿಂತಿಲ್ಲ. ಎರಡು ಮಾರ್ಗಗಳು ಬೇರೆಬೇರೆ ಆಳದಲ್ಲಿ ಒಂದನ್ನೊಂದು ಹಾಯುವ ಮೆಜೆಸ್ಟಿಕ್‌ನಂತಹ ನಿಲ್ದಾಣದಲ್ಲಿ ಇಂಥ ಮೆಟ್ಟಿಲುಗಳು ಅನೇಕ. ಅವುಗಳ ಕೆಳಗಿನ ಗುಂಡಿಗೆ ದೀಪ, ಇಳಿಯುವ ಏಣಿ, ಬಗ್ಗದೆ ನಿಲ್ಲುವಷ್ಟು ಎತ್ತರ ಒದಗಿಸುವುದು ಸೌಕರ್ಯವಲ್ಲ, ಪ್ರಾಣರಕ್ಷಣೆ.

8. ಕೊಳಚೆ ಮತ್ತು ಕೆಲಸಗಾರರ ಘನತೆ

ನೆಲದ ಮೇಲೆ ಶೌಚಾಲಯದ ನೀರು ಇಳಿಜಾರಿನಿಂದ ಒಳಚರಂಡಿಗೆ ಹರಿಯುತ್ತದೆ. ನೆಲದಡಿಯ ನಿಲ್ದಾಣವು ಊರಿನ ಒಳಚರಂಡಿಗಿಂತ ಕೆಳಗಿರುವುದರಿಂದ ಕೊಳಚೆಯನ್ನು ತೊಟ್ಟಿಯಲ್ಲಿ ಸಂಗ್ರಹಿಸಿ ಪಂಪಿನಿಂದ ಮೇಲೆತ್ತಬೇಕು. ಪಂಪು ಕೆಡುವುದು ಸಹಜ. ಆಗ ಯಾರಾದರೂ ತೊಟ್ಟಿಗೆ ಇಳಿಯಬೇಕಾಗುವಂತೆ ಕಟ್ಟಿದರೆ ಅದು ಅಪರಾಧಕ್ಕೆ ಆಹ್ವಾನ. ಮಲಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯು ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿ ಹಾಗೂ ಮಲಗುಂಡಿಗಳಿಗೆ ಜನರನ್ನು ಇಳಿಸುವುದನ್ನು ನಿಷೇಧಿಸಿದೆ. ಆದರೂ ತೊಟ್ಟಿಗಳಲ್ಲಿ ಉಸಿರುಗಟ್ಟಿ ಸಾಯುವವರ ಸುದ್ದಿ ಈ ದೇಶದಲ್ಲಿ ನಿಂತಿಲ್ಲ. ಹೈಡ್ರೊಜನ್ ಸಲ್ಫೈಡ್ ಅನಿಲವು ಹೆಚ್ಚಿನ ಪ್ರಮಾಣದಲ್ಲಿದ್ದಾಗ ಮೂಗಿನ ವಾಸನಾಶಕ್ತಿಯನ್ನೇ ಕುಂದಿಸುವುದರಿಂದ ಇಳಿದವರಿಗೆ ಅಪಾಯದ ಸುಳಿವೂ ಸಿಗುವುದಿಲ್ಲ.

ಇದಕ್ಕೆ ವಿನ್ಯಾಸದಲ್ಲಿ ಉತ್ತರವಿದೆ. ಒಂದರ ಬದಲು ಎರಡು ಪಂಪುಗಳು. ಮೇಲಿನಿಂದಲೇ ಸರಪಳಿಯಿಂದ ಎತ್ತಬಹುದಾದಂತೆ ಜಾರುಕಂಬಿಗಳು. ತೊಟ್ಟಿಯ ಮೇಲ್ಗಡೆ ಎತ್ತುವ ಕೊಂಡಿ. ಯಂತ್ರ ಬಂದು ನಿಲ್ಲುವಷ್ಟು ಜಾಗ. ಇವುಗಳ ವೆಚ್ಚ ನಿಲ್ದಾಣದ ಒಟ್ಟು ವೆಚ್ಚದ ಮುಂದೆ ಅತ್ಯಲ್ಪ.

ರಾತ್ರಿಯ ವೇಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಳಗಿನ ಸುಮಾರು 5ರಿಂದ ರಾತ್ರಿ ಸುಮಾರು 11ರವರೆಗೆ ಗಾಡಿಗಳು ಓಡಿದರೆ ಉಳಿಯುವುದು ಆರು ಗಂಟೆ. ಕೊನೆಯ ಗಾಡಿಯನ್ನು ಕಳುಹಿಸಿ, ವಿದ್ಯುತ್ತನ್ನು ಕಡಿದು, ಬೆಳಿಗ್ಗೆ ಮತ್ತೆ ಪರೀಕ್ಷಿಸಿ ಕೊಡುವ ಹೊತ್ತನ್ನು ಕಳೆದರೆ ಹಳಿಯ ಮೇಲಿನ ಕೆಲಸಕ್ಕೆ ಸಿಗುವುದು ಇನ್ನೂ ಕಡಿಮೆ. ಮೆಟ್ಟಿಲ ಸಾಲಿನ ನೆತ್ತಿಯಲ್ಲಿ ದೀಪವಿಟ್ಟರೆ ಅದನ್ನು ಬದಲಿಸಲು ಅಟ್ಟಣೆ ಕಟ್ಟಿ ಬಿಚ್ಚುವುದರಲ್ಲಿಯೇ ಈ ಅವಧಿ ಮುಗಿಯುತ್ತದೆ. ಪಕ್ಕದ ಗೋಡೆಯಲ್ಲಿಟ್ಟರೆ ಒಂದು ಏಣಿ ಸಾಕು. ಪ್ರತಿ ಅಂತಸ್ತಿನಲ್ಲಿ ನೀರಿನ ನಲ್ಲಿ, ವಿದ್ಯುತ್ತಿನ ತೂತು, ಯಂತ್ರವಿಡುವ ಕೋಣೆ, ಕಸ ಸಾಗಿಸುವ ಲಿಫ್ಟು ಇಲ್ಲದಿದ್ದರೆ ಬಕೆಟ್ಟುಗಳನ್ನು ಹೊತ್ತು ಮೆಟ್ಟಿಲು ಹತ್ತಿಳಿಯುವುದೇ ಕೆಲಸವಾಗುತ್ತದೆ. ಗುಡಿಸುವವರು ಬಟ್ಟೆ ಬದಲಿಸಲು, ಊಟದ ಡಬ್ಬಿ ಬಿಚ್ಚಲು ಒಂದು ಕೋಣೆಯೂ ನಕಾಶೆಯಲ್ಲಿರಬೇಕು.

9. ಉಪಸಂಹಾರ

ಈ ತತ್ತ್ವಗಳು ಬೆಂಗಳೂರಿನ ಮೆಟ್ರೊಗೆ ಮಾತ್ರ ಸೀಮಿತವಲ್ಲ. ರೈಲು ಹಳಿಯ ಕೆಳಗಿನ ರಸ್ತೆ, ಬಸ್ ನಿಲ್ದಾಣದ ಶೌಚಾಲಯ, ಆಸ್ಪತ್ರೆಯ ನೆಲಮಾಳಿಗೆ ಮುಂತಾದುವು ಜಿಲ್ಲಾ ಕೇಂದ್ರಗಳಲ್ಲಿಯೂ ತಾಲ್ಲೂಕು ಕೇಂದ್ರಗಳಲ್ಲಿಯೂ ನಿರ್ಮಾಣವಾಗುತ್ತಿವೆ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರು ತುಂಬಿ, ಕಾರಿನಲ್ಲಿದ್ದ ಯುವತಿಯೊಬ್ಬಳು ಮೃತಪಟ್ಟಳು. ನೆಲಕ್ಕಿಂತ ತಗ್ಗಿನಲ್ಲಿರುವ ಯಾವ ಜಾಗದಲ್ಲಿಯೂ ನೀರು ಹೊರಹೋಗುವ ದಾರಿ ಕಸದಿಂದ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು ಜೀವನ್ಮರಣದ ವಿಷಯ.

ಆದುದರಿಂದ ಇಂಥ ಯಾವುದೇ ನಕಾಶೆಗೆ ಒಪ್ಪಿಗೆ ನೀಡುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳುವುದು ಅಗತ್ಯ. ಇಲ್ಲಿಯ ಪ್ರತಿಯೊಂದು ಮೇಲ್ಮೈಗೂ ನಿಂತ ನೆಲದಿಂದ ಕೈ ತಲುಪುತ್ತದೆಯೇ? ತೊಳೆದ ನೀರು ತಾನಾಗಿ ಎಲ್ಲಿಗೆ ಹರಿಯುತ್ತದೆ? ಕೆಟ್ಟ ಭಾಗವನ್ನು ಪಕ್ಕದ್ದನ್ನು ಒಡೆಯದೆ ತೆಗೆಯಬಹುದೇ? ಕಣ್ಣಿಗೆ ಕಾಣದ ಜಾಗವನ್ನು ಶುಚಿಗೊಳಿಸುವುದು ಯಾರ ಹೊಣೆ, ಅವರು ಅಲ್ಲಿಗೆ ಹೋಗುವುದು ಹೇಗೆ? ಯಾರೂ ತೊಟ್ಟಿಗೆ ಇಳಿಯದೆ ಎಲ್ಲ ಕೆಲಸವೂ ನಡೆಯುತ್ತದೆಯೇ? ಈ ಪ್ರಶ್ನೆಗಳಿಗೆ ಅತ್ಯಂತ ಖಚಿತವಾದ ಉತ್ತರ ಕೊಡಬಲ್ಲವರು ದಿನವೂ ಪೊರಕೆ ಹಿಡಿಯುವವರೇ. ವಿನ್ಯಾಸಕಾರರು, ಅಭಿಯಂತರರು ಕೂಡುವ ಸಭೆಯಲ್ಲಿ ಅವರಿಗೂ ಒಂದು ಕುರ್ಚಿ ಇರಬೇಕು. ಯಾದಗಿರಿಯಿಂದಲೋ ಶಹಾಪುರದಿಂದಲೋ ಸುರಪುರದಿಂದಲೋ ಗುಳೆ ಹೋಗಿ ಆ ನೆಲವನ್ನು ಒರೆಸುವವರ ಬೆನ್ನುನೋವನ್ನು ಮುಂದಾಗಿಯೇ ನೆನೆದು ಗೆರೆ ಎಳೆದ ನಕಾಶೆಯಿಂದ ಮಾತ್ರ ಶುಚಿಯಾದ ನಿಲ್ದಾಣ ಹುಟ್ಟಲು ಸಾಧ್ಯ.